ನವೆಂಬರ್ ಮಳೆಯಲ್ಲಿ ಕೊಡೈಕೆನಾಲ್: ಅವ್ವನನ್ನು ಕರೆದೊಯ್ಯಲೇ, ಟಿಕೆಟ್ ರದ್ದು ಮಾಡಲೇ?

ಅಪ್ಪನಕೆರೆ ಸಂಜೆ, ಕಲಬುರಗಿ

ಎಲ್ಲರಿಗೂ ಶರಣು ಶರಣಾರ್ಥಿ.

ದೀಪಾವಳಿ ಮುಗಿದ ಮೇಲೆ ಅವ್ವನನ್ನು ಕೊಡೈಕೆನಾಲ್‌ಗೆ ಕರೆದೊಯ್ಯಬೇಕೆಂದು ಎರಡು ತಿಂಗಳ ಹಿಂದೆಯೇ ರೈಲಿನ ಟಿಕೆಟ್ ತೆಗೆಸಿದ್ದೆ. ನಾನು, ಹೆಂಡತಿ, ಅವ್ವ, ಮೂವರೇ. ನವೆಂಬರ್ ಮೂರನೆಯ ವಾರ, ನಾಲ್ಕು ದಿನ. ಈಗ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ತಮಿಳುನಾಡಿನಲ್ಲಿ ಮಳೆ ಎಂದು ದಿನವೂ ಸುದ್ದಿ ಬರುತ್ತಿದೆ. ಕಚೇರಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಮಳೆಯಲ್ಲಿ ಗುಡ್ಡ ಹತ್ತಿ ಏನು ನೋಡುತ್ತೀರಿ, ಮೇ ತಿಂಗಳಲ್ಲಿ ಹೋಗಿ.

ಅವ್ವನಿಗೆ ಅರವತ್ತೆಂಟು. ಮೊಣಕಾಲು ಸ್ವಲ್ಪ ನೋವು. ಆದರೂ ಪ್ರತಿ ಸಂಜೆ ಅಪ್ಪನ ಕೆರೆಯ ದಂಡೆಯಲ್ಲಿ ಒಂದು ಸುತ್ತು ತಪ್ಪಿಸುವುದಿಲ್ಲ. ಜೇವರ್ಗಿ ಕಡೆಯ ಹಳ್ಳಿಯಲ್ಲಿ ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವಳು. ಬಿಸಿಲು, ಬರ, ಬತ್ತಿದ ಬಾವಿ ಇವನ್ನು ನೋಡುತ್ತಲೇ ವಯಸ್ಸಾಯಿತು. "ನೀರು ತುಂಬಿದ ಕೆರೆಯ ಹತ್ತಿರ ನಾಲ್ಕು ದಿನ ತಣ್ಣಗೆ ಕೂತು ಬರಬೇಕು" ಎಂಬುದು ಅವಳದೇ ಆಸೆ. ಬೇರೆ ಏನನ್ನೂ ಕೇಳಿಲ್ಲ.

ಮಳೆಯಲ್ಲಿ ಅಲ್ಲಿಗೆ ಹೋಗಿ ಬಂದವರು ಇದ್ದರೆ ಹೇಳಿ. ಹೋಗುವುದಾದರೆ ಹೊದೆಯಲು ಏನು ಒಯ್ಯಬೇಕು? ಅವ್ವ ಈಗಾಗಲೇ ತಾನೇ ಹೊಲಿದ ಕೌದಿಯನ್ನು ಮಡಚಿ ಇಟ್ಟಿದ್ದಾಳೆ.

ಕೋಟೆಬಾಗಿಲು, ಬೀದರ್

ಅಣ್ಣಾ, ಟಿಕೆಟ್ ರದ್ದು ಮಾಡಬೇಡಿ. ನಾನು ಮೂರು ಸಲ ಹೋಗಿದ್ದೇನೆ. ಒಂದು ಸಲ ಮೇ ತಿಂಗಳು, ಎರಡು ಸಲ ನವೆಂಬರ್. ಮೇ ತಿಂಗಳಲ್ಲಿ ನಾನು ನೋಡಿದ್ದು ಮುಂದಿನ ಕಾರಿನ ಹಿಂಬದಿಯನ್ನು. ಕೆರೆಯ ಸುತ್ತಿನ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನವೆಂಬರ್‌ನಲ್ಲಿ ಅದೇ ರಸ್ತೆಯಲ್ಲಿ ಬೆಳಿಗ್ಗೆ ಆರೂವರೆಗೆ ನನ್ನ ಹೆಜ್ಜೆಯ ಸದ್ದು ನನಗೇ ಕೇಳುತ್ತಿತ್ತು.

ಮೊದಲು ಒಂದು ವಿಷಯ ತಿಳಿದಿರಲಿ. ನಮಗೆ ಮಳೆ ಎಂದರೆ ಜೂನ್‌ನಿಂದ ಸೆಪ್ಟೆಂಬರ್, ಮುಂಗಾರು. ಕೊಡೈಕೆನಾಲ್‌ಗೆ ಹೆಚ್ಚು ಮಳೆ ಬರುವುದು ಹಿಂಗಾರಿನಲ್ಲಿ, ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ. ಡಿಸೆಂಬರ್‌ನಲ್ಲಿಯೂ ಕೊಲ್ಲಿಯಲ್ಲಿ ಏನಾದರೂ ಎದ್ದರೆ ಬರುತ್ತದೆ. ಹಾಗಾಗಿ ಅಲ್ಲಿ ಚಳಿ ಮತ್ತು ಮಳೆ ಒಟ್ಟಿಗೇ ಇಳಿಯುತ್ತವೆ. ನಮ್ಮ ಬೀದರ್‌ನ ಚಳಿ ಒಣ ಚಳಿ, ತುಟಿ ಒಡೆಸುತ್ತದೆ. ಅಲ್ಲಿಯದು ಹಸಿ ಚಳಿ, ಬಟ್ಟೆಯ ಒಳಗೆ ಬಂದು ಕೂರುತ್ತದೆ.

ಆ ಕೆರೆ ತಾನಾಗಿ ಆದದ್ದಲ್ಲ. ಮಧುರೈ ಜಿಲ್ಲೆಯ ಕಲೆಕ್ಟರ್ ಆಗಿದ್ದ ವೆರೆ ಲೆವಿಂಜ್ 1863ರಲ್ಲಿ ತೊರೆಗೆ ಒಡ್ಡು ಕಟ್ಟಿಸಿ ಮಾಡಿಸಿದ್ದು. ನಕ್ಷತ್ರದ ಹಾಗೆ ಐದಾರು ಕಡೆ ಕೈ ಚಾಚಿದೆ. ಸುತ್ತಿನ ರಸ್ತೆ ಸುಮಾರು ಐದು ಕಿಲೋಮೀಟರ್, ಬಹುತೇಕ ಸಮತಟ್ಟು. ಅಪ್ಪನ ಕೆರೆ ಸುತ್ತುವ ಅವ್ವನವರಿಗೆ ಏನೂ ಕಷ್ಟವಾಗುವುದಿಲ್ಲ. ಒಂದೇ ಬಾರಿಗೆ ಪೂರ್ತಿ ಸುತ್ತಬೇಕೆಂದೇನೂ ಇಲ್ಲ.

ಶಹಾಬಾದ್ ಕಲ್ಲು

ನಾನು ಬೇರೆ ಮಾತು ಹೇಳುತ್ತೇನೆ, ಕ್ಷಮಿಸಿ. ಮೂರು ವರ್ಷದ ಹಿಂದೆ ಮಕ್ಕಳನ್ನು ಕರೆದುಕೊಂಡು ಇದೇ ತಿಂಗಳಲ್ಲಿ ಹೋಗಿದ್ದೆ. ಪಿಲ್ಲರ್ ರಾಕ್ಸ್ ಎಂದು ಟ್ಯಾಕ್ಸಿಯವರು ನಿಲ್ಲಿಸಿದ ಜಾಗದಲ್ಲಿ ಕಂಡದ್ದು ಮಂಜಿನ ಬಿಳಿ ಗೋಡೆ. ಆ ಬಂಡೆಗಳು ಎಷ್ಟು ಎತ್ತರ, ಎಲ್ಲಿ ನಿಂತಿವೆ, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡು ದಿನ ದೋಣಿ ಬಂದ್. ಗಾಳಿ ಜೋರು ಎಂದು ಅರಣ್ಯದವರು ಕಾಡಿನ ಕಡೆಯ ಗೇಟುಗಳನ್ನೆಲ್ಲ ಮುಚ್ಚಿದ್ದರು. ನಾವು ಉಳಿದುಕೊಂಡ ಹೋಟೆಲಿನಲ್ಲಿ ಹಾಸಿಗೆ ಮುಟ್ಟಿದರೆ ತೇವ, ರಾತ್ರಿ ಕರೆಂಟಿಲ್ಲ, ಬಿಸಿನೀರಿಲ್ಲ. ಕೆರೆ ಕಾಣುವ ಕೋಣೆ ಎಂದು ಹೆಚ್ಚು ದುಡ್ಡು ತೆಗೆದುಕೊಂಡಿದ್ದರು. ಕಿಟಕಿಯಿಂದ ಪಕ್ಕದ ಕಟ್ಟಡದ ನೀರಿನ ಟ್ಯಾಂಕ್ ಕಾಣುತ್ತಿತ್ತು. ಮಗಳು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು.

ಸಾಲ ಮಾಡಿ ಹೋಗಿದ್ದೆ. ನಮ್ಮಂಥವರಿಗೆ ಇಂಥ ಪ್ರವಾಸ ಐದು ವರ್ಷಕ್ಕೊಮ್ಮೆ. ಅದಕ್ಕೇ ಹೇಳುತ್ತಿದ್ದೇನೆ.

ಕೋಟೆಬಾಗಿಲು, ಬೀದರ್

ನೀವು ಹೇಳಿದ್ದು ಒಂದೂ ಸುಳ್ಳಲ್ಲ ಅಣ್ಣಾ. ನನ್ನ ಮೊದಲ ನವೆಂಬರ್ ಹಾಗೆಯೇ ಆಗಿತ್ತು. ಟ್ಯಾಕ್ಸಿಯವನು ಕೊಟ್ಟ ಪಟ್ಟಿ ಹಿಡಿದು ಒಂದೇ ದಿನದಲ್ಲಿ ಒಂಬತ್ತು ಜಾಗಕ್ಕೆ ಓಡಿದೆ. ಒಂಬತ್ತೂ ಕಡೆ ಅದೇ ಬಿಳಿ ಗೋಡೆ.

ಎರಡನೆಯ ಸಲ ಪಟ್ಟಿಯನ್ನು ಊರಲ್ಲಿಯೇ ಬಿಟ್ಟು ಹೋದೆ. ಕೆರೆಗೆ ನಡೆದು ಹೋಗುವಷ್ಟು ಹತ್ತಿರ ಕೋಣೆ ಹಿಡಿದೆ. ಮುಂಚೆಯೇ ಫೋನ್ ಮಾಡಿ ಕೇಳಿದ್ದು ಮೂರೇ ಪ್ರಶ್ನೆ: ಬಿಸಿನೀರು ಎಷ್ಟು ಹೊತ್ತು ಬರುತ್ತದೆ, ಕರೆಂಟ್ ಹೋದರೆ ಜನರೇಟರ್ ಇದೆಯೇ, ಕೋಣೆಗೆ ಬಿಸಿಲು ಬೀಳುತ್ತದೆಯೇ. ಮೂರನೆಯ ಪ್ರಶ್ನೆ ಮುಖ್ಯ. ಬಿಸಿಲು ಕಾಣದ ಕೋಣೆಯಲ್ಲಿ ಗೋಡೆಗಳೇ ಬೆವರುತ್ತವೆ.

ಆಮೇಲೆ ಅಲ್ಲಿಯ ದಿನದ ನಡೆ ಗಮನಿಸಿದೆ. ಎಡೆಬಿಡದೆ ಸುರಿಯುವ ದಿನಗಳನ್ನು ಬಿಟ್ಟರೆ ಬೆಳಗಿನ ಹೊತ್ತು ಆಕಾಶ ತೆರೆದಿರುತ್ತದೆ. ಹನ್ನೊಂದು, ಹನ್ನೆರಡರ ಹೊತ್ತಿಗೆ ಕೆಳಗಿನ ಬಯಲಿನಿಂದ ಮೋಡ ಹತ್ತಲು ಶುರುವಾಗುತ್ತದೆ. ಮಧ್ಯಾಹ್ನ ಮಳೆ. ಸಂಜೆ ಒಮ್ಮೊಮ್ಮೆ ಮತ್ತೆ ಬಿಡುವು. ಹಾಗಾಗಿ ಏನು ನೋಡುವುದಿದ್ದರೂ ಆರರಿಂದ ಹತ್ತರೊಳಗೆ. ಊಟವಾದ ಮೇಲೆ ಕಿಟಕಿ, ಚಹಾ, ನಿದ್ದೆ.

ಇನ್ನೊಂದು. ಘಟ್ಟ ಹತ್ತುವಾಗ ಊರು ಇನ್ನೂ ಎಂಟು ಕಿಲೋಮೀಟರ್ ಇರುವಾಗ ರಸ್ತೆಯ ತಿರುವಿನಲ್ಲಿಯೇ ಸಿಲ್ವರ್ ಕ್ಯಾಸ್ಕೇಡ್ ಜಲಪಾತ ಸಿಗುತ್ತದೆ. ಆ ಕೆರೆ ತುಂಬಿ ಹೊರಬಿದ್ದ ನೀರೇ ಅಲ್ಲಿ ಸುಮಾರು 180 ಅಡಿ ಧುಮುಕುತ್ತದೆ. ಬೇಸಿಗೆಯಲ್ಲಿ ಬಂಡೆಯ ಮೇಲೆ ಒಂದು ಎಳೆ ನೀರು. ನವೆಂಬರ್‌ನಲ್ಲಿ ಎದುರು ನಿಂತವರ ಕನ್ನಡಕ ಒರೆಸಿ ಒರೆಸಿ ಸಾಕಾಗುತ್ತದೆ. ಆದರೆ ಅದರಲ್ಲಿ ಸ್ನಾನ ಬೇಡ, ಊರಿನ ಕೊಳೆಯೂ ಆ ನೀರಿನಲ್ಲಿಯೇ ಬರುತ್ತದೆ. ನೋಡಿ ಮುಂದೆ ಹೋಗಿ.

ಹುಮನಾಬಾದ್ ಅಕ್ಕ

ತಮ್ಮಾ, ಇಪ್ಪತ್ತು ವರ್ಷದಿಂದ ನರ್ಸ್ ಕೆಲಸದಲ್ಲಿದ್ದೇನೆ. ನೀವು ಹೊದಿಕೆ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಕೌದಿ ಒಯ್ಯಬೇಡಿ. ಅದು ಹಳೆಯ ಸೀರೆಯ ಹತ್ತಿ. ಹತ್ತಿ ಗಾಳಿಯ ತೇವವನ್ನೇ ಹೀರಿ ತಣ್ಣಗಾಗುತ್ತದೆ, ಭಾರವಾಗುತ್ತದೆ, ಅಲ್ಲಿ ಒಣಗುವುದೂ ಇಲ್ಲ. ಮನೆಯಲ್ಲಿ ಕಂಬಳಿ ಇದ್ದರೆ ಅದನ್ನು ಒಯ್ಯಿರಿ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಒಂದು ದಪ್ಪ ಸ್ವೆಟರ್‌ಗಿಂತ ಎರಡು ತೆಳು ಉಣ್ಣೆಯ ಬಟ್ಟೆ ಒಳ್ಳೆಯದು, ಬಿಸಿಲು ಬಂದರೆ ಒಂದು ಕಳಚಬಹುದು. ಕಾಲುಚೀಲ ಆರು ಜೊತೆ ಇರಲಿ. ಮುದುಕರಿಗೆ ನೆಗಡಿ ಹತ್ತುವುದು ಒದ್ದೆ ಕಾಲುಚೀಲವನ್ನೇ ಸಂಜೆಯವರೆಗೆ ಹಾಕಿಕೊಂಡು ಓಡಾಡಿದಾಗ ಎಂದು ನನ್ನ ಅನುಭವ. ಹವಾಯಿ ಚಪ್ಪಲಿ ಬೇಡ, ಪಾಚಿಯ ಮೇಲೆ ಜಾರುತ್ತದೆ. ಮೊಣಕಾಲಿಗೆ ಬಿಸಿನೀರಿನ ರಬ್ಬರ್ ಚೀಲ. ಉಬ್ಬಸ ಇರುವವರು ಪಂಪನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು, ಪೆಟ್ಟಿಗೆಯಲ್ಲಿ ಅಲ್ಲ.

ಈಗ ಬರೆಯುವುದನ್ನು ದಯವಿಟ್ಟು ಎಲ್ಲರೂ ಓದಿ. ಚಳಿ ಎಂದು ಇದ್ದಿಲ ಒಲೆಯನ್ನಾಗಲಿ, ಕೆಂಡದ ಬುಟ್ಟಿಯನ್ನಾಗಲಿ ಕೋಣೆಯೊಳಗೆ ಇಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗಬೇಡಿ. ಹೊಗೆ ಕಾಣದಿದ್ದರೂ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಎಚ್ಚರಗೊಳ್ಳುವುದೇ ಇಲ್ಲ. ಗುಡ್ಡದ ಊರುಗಳಲ್ಲಿ ಹೀಗೆ ಜೀವ ಹೋಗಿದೆ. ನಾವು ಬಿಸಿಲ ನಾಡಿನವರು, ಬೆಂಕಿ ಹಾಕಿ ಮಲಗುವ ರೂಢಿ ನಮಗಿಲ್ಲ, ಆದ್ದರಿಂದ ಅದರ ಭಯವೂ ನಮಗಿಲ್ಲ. ಕರೆಂಟಿನ ಹೀಟರ್ ಕೇಳಿ ಪಡೆಯಿರಿ. ಸಿಗದಿದ್ದರೆ ಇನ್ನೊಂದು ಕಂಬಳಿ.

ಸ್ಟೇರಿಂಗ್ ಜೇವರ್ಗಿ

ಅಕ್ಕಾವರೇ, ಒಳ್ಳೆಯ ಮಾತು ಹೇಳಿದಿರಿ.

ನಾನು ಟೆಂಪೋ ಟ್ರಾವೆಲರ್ ಓಡಿಸುತ್ತೇನೆ, ಆ ಘಟ್ಟ ಎಷ್ಟೋ ಸಲ ಹತ್ತಿದ್ದೇನೆ. ರೈಲಿನಲ್ಲಿ ಹೋಗುವುದಾದರೆ ಮುಂಬಯಿ–ನಾಗರಕೋಯಿಲ್ ಗಾಡಿ ನಮ್ಮ ಕಲಬುರಗಿಯ ಮೇಲೆಯೇ ಹೋಗುತ್ತದೆ, ದಿಂಡಿಗಲ್‌ನಲ್ಲಿ ಇಳಿಯಬಹುದು. ಆದರೆ ಎಲ್ಲ ದಿನವೂ ಇಲ್ಲ. ಹತ್ತಿರದ ನಿಲ್ದಾಣ ಕೊಡೈಕೆನಾಲ್ ರೋಡ್, ಹೆಸರು ಹಾಗಿದ್ದರೂ ಅಲ್ಲಿಂದ ಊರಿಗೆ ಸುಮಾರು 80 ಕಿಲೋಮೀಟರ್ ಇದೆ. ಎಷ್ಟೋ ಜನ ಇಳಿದು ಅಲ್ಲಿಯೇ ಗುಡ್ಡವನ್ನು ಹುಡುಕುತ್ತಾರೆ.

ಮಳೆಗಾಲದಲ್ಲಿ ಹನ್ನೆರಡು ಗಂಟೆಯೊಳಗೆ ಮೇಲೆ ಮುಟ್ಟುವ ಹಾಗೆ ಹೊರಡಿ. ಮಧ್ಯಾಹ್ನದ ಮೇಲೆ ಮಂಜು ರಸ್ತೆಗೇ ಇಳಿಯುತ್ತದೆ. ಆಗ ದೊಡ್ಡ ಲೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ಬರುತ್ತದೆ, ಕೆಳ ಬೆಳಕಿನಲ್ಲಿಯೇ ನಡೆಸಬೇಕು. ರಾತ್ರಿ ಬೇಡವೇ ಬೇಡ. ಮಣ್ಣು ಕುಸಿಯುವುದು, ಮರ ಬೀಳುವುದು ಇದ್ದದ್ದೇ. ವಾಂತಿಯ ಭಯವಿದ್ದರೆ ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಬೇಕು, ಮೊಬೈಲ್ ನೋಡಬಾರದು.

ಸ್ವಂತ ಗಾಡಿಗೂ ಟ್ಯಾಕ್ಸಿಗೂ ಇ–ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿಂದ ಅದು ನಡೆದಿದೆ. ಸರ್ಕಾರಿ ಬಸ್ಸಿನಲ್ಲಿ ಹೋದರೆ ಬೇಕಿಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿಗೂ ಅಲ್ಲಿ ನಿಷೇಧ, ಸ್ಟೀಲಿನ ಬಾಟಲಿ ಒಯ್ಯಿರಿ.

ಸುರಪುರದ ಮೇಷ್ಟ್ರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೋಟೆಬಾಗಿಲು ಅವರು ಹೇಳಿದ ದಿನದ ನಡೆಗೆ ಕಾರಣವಿದೆ. ಕೊಡೈಕೆನಾಲ್ ಪಳನಿ ಬೆಟ್ಟಗಳ ಮೇಲಿನ ಹಾಸಿನ ದಕ್ಷಿಣದ ಅಂಚಿನಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್. ಅಂಚಿನಿಂದ ಆಚೆಗೆ ನೆಲ ಒಮ್ಮೆಲೇ ಕೆಳಗಿಳಿಯುತ್ತದೆ. ಬಿಸಿಲೇರಿದಂತೆ ಬಯಲಿನ ತೇವದ ಗಾಳಿ ಆ ಇಳಿಜಾರು ಹಿಡಿದು ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದು ಮೋಡವಾಗುತ್ತದೆ. ಮೇಲೆ ನಿಂತವರಿಗೆ ಅದೇ ಮಂಜು.

ಆ ಅಂಚಿನಲ್ಲಿಯೇ ಕೋಕರ್ಸ್ ವಾಕ್ ಎಂಬ ಕಾಲುದಾರಿ ಇದೆ, 1872ರಲ್ಲಿ ಮಾಡಿದ್ದು. ಎಲ್ಲರೂ ಅಲ್ಲಿಂದ ಕಣಿವೆ ಕಾಣಬೇಕೆಂದು ಹೋಗಿ ಮಂಜಿಗೆ ಬೈದು ಬರುತ್ತಾರೆ. ನಾನು ಹೇಳುವುದು, ಮಂಜು ಇರುವಾಗಲೇ ಹೋಗಿ. ಬೆನ್ನ ಹಿಂದೆ ಸೂರ್ಯ ಇಣುಕಿ ಎದುರಿಗೆ ಮಂಜು ತುಂಬಿದ್ದರೆ ನಿಮ್ಮ ನೆರಳು ಆ ಮಂಜಿನ ಮೇಲೆ ದೊಡ್ಡದಾಗಿ ಬೀಳುತ್ತದೆ, ತಲೆಯ ಸುತ್ತ ಬಣ್ಣದ ಬಳೆ ಮೂಡುತ್ತದೆ. ಜರ್ಮನಿಯ ಬ್ರೋಕೆನ್ ಎಂಬ ಬೆಟ್ಟದ ಹೆಸರಿನಿಂದ ಇದನ್ನು ಕರೆಯುತ್ತಾರೆ. ಸಾಲಾಗಿ ನಿಂತವರಲ್ಲಿ ಪ್ರತಿಯೊಬ್ಬರಿಗೂ ಬಳೆ ತಮ್ಮ ತಲೆಯ ಸುತ್ತ ಮಾತ್ರ ಕಾಣುತ್ತದೆ. ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ನಾನೂ ಕಾಣುವ ತನಕ ಪೂರ್ತಿ ನಂಬಿರಲಿಲ್ಲ.

ಮಳೆ ಬಿಡದ ದಿನ ಸೌರ ವೀಕ್ಷಣಾಲಯಕ್ಕೆ ಹೋಗಿ, ಒಳಗೆ ನೋಡುವ ವಸ್ತುಸಂಗ್ರಹವಿದೆ. ನಮ್ಮ ಭಾಗದವರು ಅದರ ಕಥೆ ತಿಳಿದು ಹೋಗಬೇಕೆಂದು ನನ್ನ ಆಸೆ. 1876ರಿಂದ 1878ರವರೆಗೆ ದಕ್ಷಿಣ ಭಾರತದಲ್ಲಿ ಭೀಕರ ಬರ ಬಿತ್ತು. ನಮ್ಮ ಭಾಗವೂ ಅದರಲ್ಲಿ ನಲುಗಿತು. ಮಳೆ ಏಕೆ ಕೈಕೊಡುತ್ತದೆ, ಸೂರ್ಯನಲ್ಲಾಗುವ ಬದಲಾವಣೆಗೂ ಮಳೆಗೂ ಸಂಬಂಧವಿದೆಯೇ ಎಂಬ ಪ್ರಶ್ನೆ ಆಗ ಎದ್ದಿತು. ಸೂರ್ಯನನ್ನು ದಿನವೂ ನೋಡಲು ಎತ್ತರದ ಜಾಗ ಬೇಕೆಂದು ಹುಡುಕಿ ಕೊಡೈಕೆನಾಲ್‌ನಲ್ಲಿ 1899ರಲ್ಲಿ ಈ ವೀಕ್ಷಣಾಲಯ ತೆರೆದರು. 1909ರಲ್ಲಿ ಜಾನ್ ಎವರ್‌ಶೆಡ್ ಸೂರ್ಯಕಲೆಗಳಲ್ಲಿ ಅನಿಲ ಹರಿಯುವುದನ್ನು ಕಂಡುಹಿಡಿದದ್ದು ಇಲ್ಲಿಯೇ. ನೂರು ವರ್ಷಕ್ಕೂ ಹೆಚ್ಚಿನ ಸೂರ್ಯನ ಚಿತ್ರಗಳ ಸಂಗ್ರಹ ಅಲ್ಲಿದೆ. ಜಗತ್ತಿನಲ್ಲಿ ಅಂಥವು ಬೆರಳೆಣಿಕೆಯಷ್ಟು.

ಬರದಿಂದ ಹುಟ್ಟಿದ ಪ್ರಶ್ನೆಗೆ ಕಟ್ಟಿದ ಮನೆಯ ಮೇಲೆ ಮಳೆ ಸುರಿಯುತ್ತಿರುವಾಗ ನಾನು ಅದರ ಮೆಟ್ಟಿಲ ಮೇಲೆ ನಿಂತಿದ್ದೆ. ನನ್ನ ಮುತ್ತಜ್ಜ ಆ ಬರದಲ್ಲಿ ದನಗಳನ್ನು ಬಿಟ್ಟು ಊರು ತೊರೆದವನಂತೆ, ಅಜ್ಜ ಹೇಳುತ್ತಿದ್ದ. ಕೊಡೆ ತೆರೆಯಲು ಮನಸ್ಸಾಗಲಿಲ್ಲ.

ಚಿಂಚೋಳಿ ಕಾಡು

ಮೇಷ್ಟ್ರೇ, ಓದಿ ಸುಮ್ಮನೆ ಕೂತೆ.

ದೂರ ಹೋಗಲಾಗದವರಿಗೆ ಒಂದು ಮಾತು. ನಮ್ಮ ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯಕ್ಕೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬನ್ನಿ. ಸುತ್ತ ಗುಡ್ಡ, ನಡುವೆ ನೀರು, ವನ್ಯಜೀವಿಧಾಮದ ಕಾಡು. ಅಂಥ ಚಳಿ ಇಲ್ಲ, ಆದರೆ ಮಳೆಯ ಹಸಿರು ನಮ್ಮ ಜಿಲ್ಲೆಯೇ ಎನ್ನುವಷ್ಟು ಅಚ್ಚರಿ ಹುಟ್ಟಿಸುತ್ತದೆ. ಸಾಲ ಮಾಡಬೇಕಿಲ್ಲ.

ಮಾಗಿ, ಯಾದಗಿರಿ

ಮಳೆ ಬೇಡ, ಬರೀ ಚಳಿ ಬೇಕು ಎನ್ನುವವರು ಜನವರಿ ಕೊನೆಗೆ ಹೋಗಿ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ, ಮತ್ತೆ ಪೊಂಗಲ್ ರಜೆಯಲ್ಲಿ ಜನ ತುಂಬಿರುತ್ತಾರೆ. ಅದು ಮುಗಿದ ಮೇಲೆ ಊರು ಖಾಲಿ, ಆಕಾಶ ನೀಲಿ. ಕೆರೆಯ ಅಕ್ಕಪಕ್ಕದ ತಗ್ಗಿನ ಹುಲ್ಲಿನ ಮೇಲೆ ಕೆಲವು ಬೆಳಗು ಇಬ್ಬನಿ ಹೆಪ್ಪುಗಟ್ಟಿರುತ್ತದೆ. ತಣ್ಣನೆಯ ಗಾಳಿ ಭಾರ, ರಾತ್ರಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ, ಅದಕ್ಕೇ ಗುಡ್ಡದ ನೆತ್ತಿಗಿಂತ ತಗ್ಗಿನಲ್ಲಿ ಹೆಚ್ಚು ಚಳಿ. ಹುಲ್ಲಿನ ಮೇಲೆ ಕಾಲಿಟ್ಟರೆ ಕಟಕ ರೊಟ್ಟಿ ಮುರಿದ ಸದ್ದು. ಬಿಸಿಲು ತಾಗಿ ಸ್ವಲ್ಪ ಹೊತ್ತಿಗೆ ಎಲ್ಲ ಕರಗಿ ಬರೀ ಒದ್ದೆ ಹುಲ್ಲು. ಏಳು ಗಂಟೆಗೆ ಏಳುವವರಿಗೆ ಕಾಣುವುದಿಲ್ಲ.

ಅಡುಗೆ ಮಾಡಿಕೊಳ್ಳುವ ಸೌಕರ್ಯದ ಮನೆ ಹಿಡಿದರೆ ಕುಕ್ಕರ್ ಇದೆಯೇ ಕೇಳಿ. ಆ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ನಾನು ಒಯ್ದ ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಎರಡು ಗಂಟೆ ಕುದಿದರೂ ಕರಗಲಿಲ್ಲ.

ಅಪ್ಪನಕೆರೆ ಸಂಜೆ, ಕಲಬುರಗಿ

ಎಲ್ಲರ ಮಾತು ಓದಿ ಅವ್ವನಿಗೆ ಹೇಳಿದೆ. "ಮಳೆಗೆ ಅಂಜಿ ಮನೆಯಲ್ಲಿ ಕೂರುವಷ್ಟು ಮಳೆಯನ್ನು ನಾನು ಯಾವಾಗ ನೋಡಿದ್ದೇನೆ?" ಎಂದಳು. ಹೊರಡುತ್ತಿದ್ದೇವೆ. ಕಂಬಳಿ ತೆಗೆದುಕೊಂಡಿದ್ದೇನೆ. ಕೌದಿ ಬಿಡಲು ಅವಳು ಒಪ್ಪಿಲ್ಲ.

ಅಪ್ಪನಕೆರೆ ಸಂಜೆ, ಕಲಬುರಗಿ

ಹೋಗಿ ಬಂದೆವು. ನಿಮ್ಮೆಲ್ಲರಿಗೂ ಋಣಿ. ಆದದ್ದನ್ನು ಬರೆಯುತ್ತೇನೆ, ಮುಂದೆ ಹೋಗುವವರಿಗೆ ಬೇಕಾದೀತು.

ದಿಂಡಿಗಲ್‌ನಲ್ಲಿ ಇಳಿದು ಬಸ್ ಹಿಡಿದು ಹನ್ನೊಂದೂವರೆಗೆ ಮೇಲೆ ಮುಟ್ಟಿದೆವು. ಬಟ್ಲಗುಂಡುವಿನಲ್ಲಿ ಬೆವರುತ್ತಿದ್ದ ಹೆಂಡತಿ ಮೇಲೆ ಬರುವಷ್ಟರಲ್ಲಿ ಎರಡು ಸ್ವೆಟರ್ ಹಾಕಿದ್ದಳು. ಮೊದಲ ದಿನ ಮಧ್ಯಾಹ್ನದಿಂದ ಮಳೆ ಹಿಡಿದದ್ದು ಮರುದಿನ ಸಂಜೆಯವರೆಗೆ ಬಿಡಲಿಲ್ಲ. ದೋಣಿ ಬಂದ್, ಕಾಡಿನ ಗೇಟು ಬಂದ್, ಮೂರು ಗಂಟೆ ಕರೆಂಟಿಲ್ಲ. ಶಹಾಬಾದ್ ಕಲ್ಲು ಅಣ್ಣನವರು ಹೇಳಿದ್ದೆಲ್ಲ ಆಯಿತು. ಆದರೆ ನಾವು ಏನನ್ನೂ ಮುಗಿಸಬೇಕಿರಲಿಲ್ಲ. ಅವ್ವ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕಂಬಳಿ ಹೊದ್ದು ಕೂತವಳು ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ಕೆರೆ ಕಾಣುತ್ತಿರಲಿಲ್ಲ, ಮಂಜು. ನಡುನಡುವೆ ಗಾಳಿ ಬಂದು ಮಂಜು ಸರಿದಾಗ ನೀರಿನ ಒಂದು ತುಂಡು, ಕಟ್ಟಿಹಾಕಿದ ನಾಲ್ಕು ದೋಣಿ ಕಂಡು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಪ್ರತಿ ಸಲ ಅವ್ವ "ಬಂತು ನೋಡು" ಎಂದು ಕರೆಯುತ್ತಿದ್ದಳು. ನಾವು ಓಡಿ ಬರುವಷ್ಟರಲ್ಲಿ ಹೋಗಿರುತ್ತಿತ್ತು. ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆವು. ಮೊದಲ ರಾತ್ರಿಯೇ ಕಟಕ ರೊಟ್ಟಿ ತೇವ ಹೀರಿ ಚಪಾತಿಯ ಹಾಗೆ ಮೆತ್ತಗಾಯಿತು. ಡಬ್ಬಿಯ ಮುಚ್ಚಳ ಬಿಗಿ ಇರಬೇಕು, ಇದನ್ನು ಯಾರೂ ಹೇಳಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಆರೂಕಾಲಿಗೆ ಕೆರೆಯ ದಂಡೆಗೆ ಹೋದೆವು. ನೀರಿನಿಂದ ಹಬೆ ಏಳುತ್ತಿತ್ತು, ಚಹಾ ಕಾಯಿಸುವ ಪಾತ್ರೆಯಿಂದ ಏಳುವ ಹಾಗೆ. ಒಂದು ತಿರುವಿನಲ್ಲಿ ಬೇಲಿಯ ಪಕ್ಕ ದೊಡ್ಡ ಕಪ್ಪು ಬಂಡೆ ಕಂಡಿತು. ಹತ್ತಿರ ಹೋದಂತೆ ಅದು ಬಾಲ ಬೀಸಿತು. ಕಾಡುಕೋಣ! ಕಾಲಿನಲ್ಲಿ ಬಿಳಿ ಕಾಲುಚೀಲ ಹಾಕಿದ ಹಾಗೆ ಬಣ್ಣ. ಊರೊಳಗೆ ಅವು ಓಡಾಡುತ್ತವಂತೆ, ಜನರಿಗೆ ಹಾಯ್ದದ್ದೂ ಇದೆಯಂತೆ. ಅವ್ವ ನಮ್ಮ ಇಬ್ಬರ ಕೈ ಹಿಡಿದು ಹಿಂದೆ ಎಳೆದಳು, ಮಾತಾಡಬೇಡಿ ಎಂದು ಕಣ್ಣಲ್ಲಿಯೇ ಹೇಳಿದಳು. ಅದು ರಸ್ತೆ ದಾಟಿ ಮಂಜಿನೊಳಗೆ ಹೋಗುವ ತನಕ ನಿಂತಿದ್ದೆವು. ಫೋಟೋ ತೆಗೆಯಲು ಯಾರೂ ಮುಂದೆ ಹೋಗಬೇಡಿ.

ಅದೇ ದಿನ ಟ್ಯಾಕ್ಸಿ ಹಿಡಿದು ಮನ್ನವನೂರಿಗೆ ಹೋದೆವು. ದಾರಿಯಲ್ಲಿ ಪೂಂಬಾರೈ ಎಂಬ ಹಳ್ಳಿ, ಗುಡ್ಡಕ್ಕೆ ಮೆಟ್ಟಿಲು ಕಡಿದ ಹಾಗೆ ಹೊಲಗಳು, ಎಲ್ಲೆಲ್ಲೂ ಬೆಳ್ಳುಳ್ಳಿ. ಕೊಡೈಕೆನಾಲ್‌ನ ಬೆಳ್ಳುಳ್ಳಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ನಮ್ಮ ತೊಗರಿಬೇಳೆಗೂ ಅದೇ ವರ್ಷ ಸಿಕ್ಕಿದ್ದು. ಒಂದು ಕಿಲೋ ತಂದಿದ್ದೇವೆ, ಎರಡೇ ಎಸಳಿಗೆ ಸಾರು ಘಮ್ಮೆನ್ನುತ್ತದೆ.

ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಹುಲ್ಲುಗುಡ್ಡದ ಮೇಲೆ ತುಂತುರಿನಲ್ಲಿಯೇ ಕುರಿಗಳು ಮೇಯುತ್ತಿದ್ದವು, ಭಾರತ್ ಮೆರಿನೋ ತಳಿ. ಅವ್ವನ ಮುಖ ಬದಲಾಯಿತು. ಕಾಯುವವರಿಗೆ ಕನ್ನಡ ಬಾರದು, ಅವ್ವನಿಗೆ ತಮಿಳು ಬಾರದು. ಕೈಸನ್ನೆಯಲ್ಲಿ ಕೇಳಿ ಒಂದು ಕುರಿಯ ಹತ್ತಿರ ಕೂತಳು. ಅದರ ಬೆನ್ನಿನ ಉಣ್ಣೆಯನ್ನು ಎರಡು ಹೆಬ್ಬೆರಳಿನಿಂದ ಬೈತಲೆ ತೆಗೆದ ಹಾಗೆ ಬಿಡಿಸಿದಳು. ಮೇಲೆ ಕೊಳೆಯ ಬಣ್ಣ, ನೀರಿನ ಹನಿಗಳು ನಿಂತಿದ್ದವು. ಒಳಗೆ ಕೆನೆಯಂಥ ಬಿಳುಪು, ಸಣ್ಣ ಸಣ್ಣ ಸುರುಳಿ. "ಮುಟ್ಟು" ಎಂದಳು. ಬೆರಳಿಟ್ಟೆ. ಒಣಗಿತ್ತು, ಬೆಚ್ಚಗಿತ್ತು, ಬೆರಳಿಗೆ ಜಿಡ್ಡು ಹತ್ತಿತು. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು, ಕಂಬಳಿಗೆ ಅದೇ ಬೇಕು, ಇದು ಮೈಗೆ ಹಾಕುವ ಬಟ್ಟೆಗೆ ಎಂದು ಅವ್ವ ನನ್ನ ಹೆಂಡತಿಗೆ ಬಿಡಿಸಿ ಹೇಳಿದಳು. ತನ್ನ ತವರಿನ ವಿಷಯವನ್ನು ಇಷ್ಟು ಹೊತ್ತು ಮಾತಾಡಿದ್ದನ್ನು ನಾನು ಈ ಮೊದಲು ಕೇಳಿಲ್ಲ. ಹುಮನಾಬಾದ್ ಅಕ್ಕಾವರೇ, ನಿಮ್ಮ ಮಾತು ಅಲ್ಲಿ ಕೈಗೇ ಹತ್ತಿತು.

ಸಂಜೆ ಕೋಕರ್ಸ್ ವಾಕ್. ಪೂರ್ತಿ ಮಂಜು. ಹೆಂಡತಿ ಹಿಂತಿರುಗೋಣ ಎಂದಳು, ಮೇಷ್ಟ್ರು ಹೇಳಿದ್ದು ನೆನಪಾಗಿ ಇನ್ನು ಹತ್ತು ನಿಮಿಷ ಎಂದೆ. ಹಿಂದಿನಿಂದ ಬಿಸಿಲು ಬಂದದ್ದು ಮೂರು ನಿಮಿಷ ಇರಬಹುದು. ನೆರಳು ಬಿತ್ತು, ಬಳೆಯೂ ಬಂತು. ಬಳೆ ನನ್ನ ತಲೆಗಿದೆ ಎಂದು ಅವ್ವ, ಇಲ್ಲ ನನ್ನ ತಲೆಗೆ ಎಂದು ಹೆಂಡತಿ. ಕೈ ಎತ್ತಿ ಆಡಿಸಿ ನೋಡಿದರು. ಮೂವರಿಗೂ ಮೂರು.

ವೀಕ್ಷಣಾಲಯಕ್ಕೆ ನಾಲ್ಕನೆಯ ದಿನ ಹೋದೆವು. ಬರದ ಕಥೆಯನ್ನು ಅವ್ವನಿಗೆ ಹೇಳಿದೆ. ಸೂರ್ಯನ ಚಿತ್ರದ ಎದುರು ಸ್ವಲ್ಪ ಹೊತ್ತು ನಿಂತು ಕೈ ಮುಗಿದಳು.

ಸುರಪುರದ ಮೇಷ್ಟ್ರು

ಬಹಳ ಸಂತೋಷವಾಯಿತು. ಮನ್ನವನೂರಿನ ದಾರಿಯಲ್ಲಿ ಹುಲ್ಲುಗುಡ್ಡದ ಮಡಿಕೆಗಳಲ್ಲಿ ಗಿಡ್ಡ ಮರಗಳ ದಟ್ಟ ಕಾಡು ಕಂಡಿರಬೇಕು. ಅದೇ ಶೋಲಾ. ಆ ಹುಲ್ಲೂ ಶೋಲಾವೂ ಸೇರಿ ಹಿಂಗಾರು ಮಳೆಯನ್ನು ಹೀರಿಟ್ಟುಕೊಂಡು ಬೇಸಿಗೆಯವರೆಗೆ ಮೆಲ್ಲನೆ ಬಿಡುತ್ತವೆ. ದಕ್ಷಿಣಕ್ಕೆ ಇಳಿದ ನೀರು ವೈಗೈಗೆ, ಉತ್ತರಕ್ಕೆ ಇಳಿದದ್ದು ಅಮರಾವತಿಯ ಮೂಲಕ ಕಾವೇರಿಗೆ. ನೀಲಗಿರಿ, ಪೈನ್, ವಾಟಲ್ ಮರಗಳನ್ನು ನೆಟ್ಟು ಎಷ್ಟೋ ಹುಲ್ಲುಗುಡ್ಡ ಹಾಳಾಗಿದೆ. ಪ್ರವಾಸಿಗರು ಪೈನ್ ಕಾಡಿನಲ್ಲಿ ಫೋಟೋಗೆ ಮುಗಿಬೀಳುತ್ತಾರೆ, ಪಕ್ಕದ ಶೋಲಾವನ್ನು ಕತ್ತೆತ್ತಿ ನೋಡುವವರಿಲ್ಲ. ನನಗೆ ಇದು ನೋವಿನ ವಿಷಯ. ಕುರಿಂಜಿ ಹೂ ಬಿಡುವುದೂ ಆ ಹುಲ್ಲಿನ ನಡುವೆಯೇ, ಹನ್ನೆರಡು ವರ್ಷಕ್ಕೊಮ್ಮೆ. 2018ರಲ್ಲಿ ಬಿಟ್ಟಿತ್ತು, ಇನ್ನು 2030ಕ್ಕೆ.

ಶಹಾಬಾದ್ ಕಲ್ಲು

ಓದಿದೆ ಅಣ್ಣಾ. ಮಗಳಿಗೂ ಓದಿ ಹೇಳಿದೆ. ನಾನು ಓಡಿಸಿಯೇ ಎಲ್ಲರನ್ನೂ ದಣಿಸಿದೆ ಎಂದು ಈಗ ಅನಿಸುತ್ತದೆ. ಆ ಹೋಟೆಲಿನವನ ಮೇಲಿನ ಸಿಟ್ಟು ಮಾತ್ರ ಹಾಗೆಯೇ ಇದೆ. ನೀವು ಉಳಿದ ಕೋಣೆಗೆ ಬಿಸಿಲು ಬೀಳುತ್ತಿತ್ತೇ?

ಹುಮನಾಬಾದ್ ಅಕ್ಕ

ಅವ್ವನವರ ಮೊಣಕಾಲು ಹೇಗಿದೆ? ಕೌದಿಯ ಕಥೆ ಏನಾಯಿತು, ಅದನ್ನು ಹೇಳಲೇ ಇಲ್ಲ.

ಅಪ್ಪನಕೆರೆ ಸಂಜೆ, ಕಲಬುರಗಿ

ಅಣ್ಣಾ, ಬಿಸಿಲು ಬಂದ ದಿನ ಬೆಳಿಗ್ಗೆ ಎರಡು ಗಂಟೆ ಬೀಳುತ್ತಿತ್ತು. ಫೋನಿನಲ್ಲಿ ಕೇಳಿಯೇ ಹಿಡಿದಿದ್ದೆ.

ಅಕ್ಕಾವರೇ, ಮೊಣಕಾಲು ಪರವಾಗಿಲ್ಲ, ರಬ್ಬರ್ ಚೀಲ ಕೆಲಸಕ್ಕೆ ಬಂತು. ಕೌದಿ ಮೊದಲ ರಾತ್ರಿಯೇ ತಣ್ಣಗಾಯಿತು. ಕುರ್ಚಿಯ ಮೇಲೆ ಹರವಿದೆವು, ಕಿಟಕಿಗೆ ಕಟ್ಟಿದೆವು, ಹೀಟರ್ ಎದುರು ಹಿಡಿದೆವು. ಒಣಗಲಿಲ್ಲ. ಎರಡರಷ್ಟು ಭಾರದ ಗಂಟು ಹೊತ್ತುಕೊಂಡೇ ರೈಲು ಹತ್ತಿದೆವು.

ಇಲ್ಲಿ ಇಳಿದ ದಿನ ಬೆಳಿಗ್ಗೆ ನಮ್ಮಲ್ಲಿಯೂ ಮಂಜು ಬಿದ್ದಿತ್ತು. ಅಲ್ಲಿ ನಾಲ್ಕು ದಿನ ಮಂಜನ್ನು ಕಣ್ತುಂಬ ನೋಡಿದ ಅವ್ವ ಇಲ್ಲಿ ರೈಲಿನ ಕಿಟಕಿಯಿಂದ ನೋಡಿ "ತೊಗರಿ ಹೂ ಉದುರುತ್ತದಲ್ಲೋ" ಎಂದಳು. ಮನೆಗೆ ಬಂದೊಡನೆ ಊರಿಗೆ ಫೋನ್ ಮಾಡಿ ಅಣ್ಣನ ಹೊಲದ ವಿಷಯ ಕೇಳಿದಳು. ಕಾಯಿ ಕಟ್ಟಿಯಾಗಿದೆ, ಚಿಂತೆಯಿಲ್ಲ ಎಂದರಂತೆ.

ಮಧ್ಯಾಹ್ನ ಕೌದಿಯನ್ನು ಮಾಳಿಗೆಯ ಮೇಲೆ ಹಾಕಿದೆ. ಒಂದು ಗಂಟೆಗೆ ಹಪ್ಪಳದ ಹಾಗೆ ಒಣಗಿತು.